ಇಂಜಿನ್‌ನ ಗದ್ದ

ಗುಲಾಬಿಯಕ್ಕ, ಹದಿನೇಳು ಫೋಟೋ ಬಂದವು.
ಒಂದರಲ್ಲಿ ಬರೀ ಬಾಲ. ಒಂದರಲ್ಲಿ ನಿಮ್ಮ ಹೆಬ್ಬೆರಳು.
ಮೂರರಲ್ಲಿ ಕಣ್ಣು ಹಸಿರು,
ರಾತ್ರಿ ಬೋಟಿನ ಬಲಮಗ್ಗುಲ ದೀಪದ ಹಾಗೆ.
ಉಳಿದವೆಲ್ಲ ನಿಂತಲ್ಲಿಂದ ತೆಗೆದದ್ದು:
ಮೂಗು ಬೊಂಡದಷ್ಟು, ಕಾಲು ಬೆಂಕಿಕಡ್ಡಿ.
ನಾಯಿ ಎಲ್ಲುಂಟು ಇದರಲ್ಲಿ?
ನಡುರಾತ್ರಿ ಬಾಗಿಲು ತೆಗೆದು ಹೊರಗೆ ನೋಡಿದ ಹಾಗೆ
ಕಪ್ಪು, ಅಷ್ಟೆ.

ಮೂವತ್ತು ವರ್ಷ ಮಲ್ಪೆಯ ಬೋಟುಗಳ ಮೂತಿಗೆ
ಹೆಸರು ಬರೆದವ ನಾನು.
ಸ್ಟಿಕ್ಕರ್ ಬಂತು, ಅಕ್ಷರ ಹೋಯಿತು.
ಈಗ ಜನ ನಾಯಿ ಬರೆಸುತ್ತಾರೆ, ಬೆಕ್ಕು ಬರೆಸುತ್ತಾರೆ,
ಬರೆಯುತ್ತೇನೆ; ಅನ್ನ ಬೇಕಲ್ಲ.
ಕಡಿಯಾಳಿ ಡಾಕ್ಟರರ ಪೊಮೆರೇನಿಯನ್ ಬಿಳಿ, ಅದು ಸುಲಭ.
ಕಪ್ಪು ಹಾಗಲ್ಲ.
ಕಪ್ಪು ಇರುವುದು ಬಣ್ಣದ ಡಬ್ಬಿಯಲ್ಲಿ ಮಾತ್ರ;
ನಾಯಿಯ ಬೆನ್ನಿಗೆ ಆಕಾಶ ಬಿದ್ದು ನೀಲಿ,
ಹೊಟ್ಟೆಗೆ ನಿಮ್ಮ ಅಂಗಳದ ಮುರಕಲ್ಲು
ಕೆಳಗಿನಿಂದ ಕೆಂಪು ಎರಚುತ್ತದೆ.

ಕೋಪ ಮಾಡಬೇಡಿ, ಹೇಳುತ್ತೇನೆ.
ಮಧ್ಯಾಹ್ನದ ಬಿಸಿಲು ಬೇಡ. ಫ್ಲ್ಯಾಶ್ ಬೇಡವೇ ಬೇಡ.
ಮೀನು ಮಾರಿ ಬಂದು, ಸ್ನಾನ ಆಗಿ,
ನಾಲ್ಕೂವರೆಗೆ ಮನೆಯ ನೆರಳು ಅಂಗಳಕ್ಕೆ ಇಳಿಯುತ್ತದಲ್ಲ,
ಅದರ ಅಂಚಿಗೆ ಅವನನ್ನು ಕೂರಿಸಿ.
ನೀವು ಮಲಗಿ. ಹೌದು, ನೆಲಕ್ಕೆ. ಕವುಚಿ.
ಅವನ ಕಣ್ಣು ಎಲ್ಲುಂಟೋ ನಿಮ್ಮ ಫೋನು ಅಲ್ಲಿ.
ತೀರಾ ಹತ್ತಿರ ಹೋದರೆ ಮೂಗು ಊದುತ್ತದೆ, ಒಂದು ಮಾರು ದೂರ ಇರಲಿ.
ಪರದೆಯ ಮೇಲೆ ಅವನ ಮೈಯನ್ನೇ ಬೆರಳಲ್ಲಿ ಒತ್ತಿ,
ಆಗ ಕಪ್ಪು ಬಾಯಿ ಬಿಡುತ್ತದೆ.
ಹೆಸರು ಕರೆಯಬೇಡಿ, ಕರೆದರೆ ಎದ್ದು ಬಂದು ನೆಕ್ಕುತ್ತಾನೆ.
ಫೋನಿನ ನೆತ್ತಿಗೆ ಒಂದು ಬಂಗುಡೆಯ ಬಾಲ ಹಿಡಿಯಿರಿ, ಸಾಕು.

*

"ಮಾರಾಯ, ನೆರೆಮನೆ ಪ್ರಫುಲ್ಲ ಓಡಿ ಬಂದಳು,
ನಾನು ಬಿದ್ದೆ ಅಂತ, ಚೊಂಬು ಹಿಡಿದುಕೊಂಡು.
ಆಮೇಲೆ ಅವಳೂ ಮಲಗಿದಳು,
ಬಾಲ ಹಿಡಿಯಲಿಕ್ಕೆ ಒಬ್ಬರು ಬೇಕಲ್ಲ."

ನಲವತ್ತು ಬಂದವು. ಮೂವತ್ತೊಂಬತ್ತು ಹಾಳು.
ಒಂದರಲ್ಲಿ ಕುಳಿತಿದ್ದಾನೆ,
ಬೋಟಿನ ಇಂಜಿನ್ ಮುಚ್ಚಳದಡಿ ಹುಟ್ಟಿ
ಆ ಹೆಸರೇ ಆದವ.
ಒಂದು ಕಿವಿ ನೆಟ್ಟಗೆ, ಒಂದು ಮಡಚಿದ್ದು,
ಕಣ್ಣಲ್ಲಿ ತಳ ಹಿಡಿದ ಬೆಲ್ಲದ ಕಂದು.
ನೀಲಿ ಉಂಟು. ಕೆಂಪೂ ಉಂಟು.
ದೊಡ್ಡದು ಮಾಡುತ್ತಾ ಹೋದೆ, ಯಾವ ಕುಂಚ ಎಲ್ಲಿಗೆ ಎಂದು.
ಗದ್ದದ ಕೆಳಗೆ ಕೂದಲು ಬೇರೆ ದಿಕ್ಕಿಗೆ ತಿರುಗಿತ್ತು.
ಮುರಕಲ್ಲಿನ ಆ ಕೆಂಪು ಬೆಳಕಿನಲ್ಲಿ ಒಂದು ಗಂಟು,
ಹುಣಸೆಬೀಜದಷ್ಟು.

ಬರೆಯುವವನಿಗೆ ಅದೊಂದು ನೆರಳು, ಬಿಟ್ಟುಬಿಡಬಹುದು.
ಎಷ್ಟು ಬೋಟು ಧಣಿಗಳ ಕೆನ್ನೆಯ ನರಹುಲಿ
ಬಿಟ್ಟಿಲ್ಲ ನಾನು.
ಫೋನ್ ಮಾಡಿದೆ: ಅಕ್ಕ, ಅವನ ಗದ್ದ ಮುಟ್ಟಿ ನೋಡಿ.
ಆ ಕಡೆ ಫ್ಯಾನಿನ ಸದ್ದು ತುಂಬ ಹೊತ್ತು.
"ಎಂಟು ವರ್ಷ ಸವರಿದೆ ಮಾರಾಯ.
ತಲೆ ಮಾತ್ರ."

ಪಶು ಆಸ್ಪತ್ರೆಯಲ್ಲಿ ಬ್ಲೇಡು ತಾಗಿ ಟಿಣ್ ಎಂದಿತಂತೆ.
ತುಕ್ಕು ಹಿಡಿದ ಗಾಳದ ಮುರುಕು.
ಕಡಲ ಕಲ್ಲಿನ ಮೇಲೆ ಕೂತು ಮೀನು ಹಿಡಿಯುವ ಹುಡುಗರದ್ದೋ,
ಯಾವ ಮಳೆಗಾಲದ್ದೋ.
ಮಾಂಸ ಅದರ ಸುತ್ತ ಸುಮ್ಮನೆ ಗೋಡೆ ಕಟ್ಟಿಕೊಂಡಿತ್ತು.
ಈಗ ಎರಡು ಹೊಲಿಗೆ, ಬೋಳು ಗದ್ದ,
ಕೊರಳಿಗೆ ತಳ ಕೊಯ್ದ ಪೇಂಟಿನ ಬಕೆಟ್ (ನನ್ನದೇ).
"ಮೊದಲಿನ ಫೋಟೋ ನೋಡಿ ಬರೆಯಲಾ?"
"ಬೇಡ, ಅದರೊಳಗೆ ಗಾಳ ಉಂಟಲ್ಲ.
ಕೂದಲು ಬರಲಿ."

ಕ್ಯಾನ್ವಾಸಿಗೆ ತಳದ ಕಾವಿ ಬಳಿದು ಇಟ್ಟಿದ್ದೇನೆ.
ಅಡ್ವಾನ್ಸ್ ಐನೂರು ಖರ್ಚಾಗಿದೆ.
ದಿನಾ ನಾಲ್ಕೂವರೆಗೆ ಫೋನು ಗುಂಯ್ ಎನ್ನುತ್ತದೆ:
ಕೆಳಗಿನಿಂದ ಹಿಡಿದ ಒಂದು ಗದ್ದ,
ಬೂದಿ ಬಣ್ಣದ ಚರ್ಮದಲ್ಲಿ ಮುಳ್ಳುಮುಳ್ಳಾಗಿ ಕಪ್ಪು,
ಅಂಚಿನಲ್ಲಿ ಮಸುಕು ಬಂಗುಡೆಯ ಬಾಲ.
ಬೆಳಕು ಸರಿ. ಎತ್ತರ ಸರಿ.
ಹೇಳಲಿಕ್ಕೆ ನನ್ನಲ್ಲೇನೂ ಉಳಿದಿಲ್ಲ;
ಒಂದು ಹೆಬ್ಬೆರಳು ಕಳಿಸುತ್ತೇನೆ.